ವಿಷಯ ಪರಿಶೀಲನೆಯಲ್ಲಿದೆ

ತಾಯೀ,

ಈ ಕಾಗದವನ್ನು ಪಕ್ಕದ ಮನೆಯ ಟೈಲರಮ್ಮನ ಕೈಲಿ ಇಲ್ಲಿಂದ ಮುಂದಕ್ಕೆ ಓದಿಸುವ ಮೊದಲು ನಿಮ್ಮ ತಂಗಿಯನ್ನು ಕರೆಸಿಕೊಳ್ಳಿ.

ಒಂಬತ್ತು ವರ್ಷ ರಾಯಭಾರ ಕಚೇರಿಯಿಂದ ನಿಮಗೆ ಉತ್ತರ ಬರೆಯುತ್ತಿದ್ದವನು ನಾನು. ಈಗ ನಿವೃತ್ತನಾಗಿ ಇದೇ ಪರದೇಶದಲ್ಲಿ ಉಳಿದಿದ್ದೇನೆ. "ನಿಮ್ಮ ಮಗನ ವಿಷಯ ಉನ್ನತ ಮಟ್ಟದಲ್ಲಿ ಪರಿಶೀಲನೆಯಲ್ಲಿದೆ" ಎಂಬ ವಾಕ್ಯ ನನ್ನದೇ. ಕಚೇರಿಗೆ ಸೇರುವ ಹೊಸಬರಿಗೆ ಇಂದಿಗೂ ಅದನ್ನೇ ಮಾದರಿಯೆಂದು ಕೊಡುತ್ತಾರೆ. ಯಾರಿಗೂ ನೋವಾಗದ ಹಾಗೆ ಬರೆಯುವುದೇ ಒಳ್ಳೆಯ ಬರವಣಿಗೆ ಎಂದು ಅವರಿಗೆ ಪಾಠ ಹೇಳಿದವನೂ ನಾನೇ.

ನಿಮ್ಮ ಮಗ ಇಲ್ಲಿಯ ಜೈಲು ಸೇರಿದ ಆರನೇ ದಿನವೇ ಜ್ವರದಿಂದ ತೀರಿಕೊಂಡ. ನಿಮ್ಮ ಮೊದಲ ಕಾಗದ ಬರುವ ಹೊತ್ತಿಗೆ ನನಗೆ ಗೊತ್ತಿತ್ತು. ಈ ದೇಶದವರು ಆ ಸಾವನ್ನು ಒಪ್ಪಿಕೊಳ್ಳುವವರೆಗೆ ನಾವು ಬಾಯಿ ಬಿಡುವಂತಿರಲಿಲ್ಲ. ಅವರು ಒಪ್ಪಲೇ ಇಲ್ಲ.

ನಮ್ಮ ಗುಮಾಸ್ತನೊಬ್ಬ ತಡೆಯಲಾರದೆ ನಿಮಗೆ ಫೋನ್ ಮಾಡಿ, "ಅಮ್ಮಾ, ನಿಮ್ಮ ಮಗ ಇಲ್ಲ" ಎಂದುಬಿಟ್ಟ. ನೀವು ನನಗೆ ದೂರು ಬರೆಸಿದಿರಿ: "ಆ ಮನುಷ್ಯನಿಗೆ ಮಾತಾಡೋಕೇ ಬರಲ್ಲ ಸಾರ್. ನಿಮ್ಮ ಕಾಗದ ಇದೆಯಲ್ಲ, ನಾನು ಅದನ್ನೇ ನಂಬ್ತೀನಿ." ಅವನನ್ನು ನಾನು ಎತ್ತಂಗಡಿ ಮಾಡಿಸಿದೆ.

ಪ್ರತಿ ಚಳಿಗಾಲಕ್ಕೆ ಮಗನಿಗೆಂದು ಹೆಣೆದು ಕಳಿಸುವ ಸ್ವೆಟರ್ ಇನ್ನು ಬೇಡ. ಒಂಬತ್ತೂ ಕಚೇರಿಯ ಬೀರುವಿನಲ್ಲೇ ಇವೆ.

ಇದು ನಿಜವೇ ಎಂದು ನೀವು ಕಚೇರಿಗೆ ಬರೆದು ಕೇಳುತ್ತೀರಿ. ನನ್ನದೇ ವಾಕ್ಯದಲ್ಲಿ ಉತ್ತರ ಬರುತ್ತದೆ. ಅದು ಈ ಕಾಗದಕ್ಕಿಂತ ಚೆನ್ನಾಗಿರುತ್ತದೆ. ನೀವು ಅದನ್ನೇ ನಂಬುತ್ತೀರಿ.

ಇಂತಿ,
ನೀವು ಸಾರ್ ಎಂದು ಕರೆಯುತ್ತಿದ್ದವನು