ಐದನೆಯ ಜಾಗ

ಕಾಲೇಜು ಹಾಸ್ಟೆಲ್, ನೆಬ್ರಾಸ್ಕಾ
ಏಪ್ರಿಲ್ 24

ಪ್ರೀತಿಯ ಅಪ್ಪನಿಗೆ,

ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಆದ್ದರಿಂದ ಈ ಕಾಗದ. ಕೋಚ್ ಪ್ರೂಯಿಟ್ ಮೇಲೆ ಕಾಲೇಜಿಗೆ ದೂರು ಕಳಿಸುತ್ತೇನೆ ಎಂದೆಯಲ್ಲ, ದಯವಿಟ್ಟು ಕಳಿಸಬೇಡ. ತಂಡ ಸೋತು ಅವರ ಕೆಲಸ ಈಗಾಗಲೇ ಅಲ್ಲಾಡುತ್ತಿದೆ. ನಿನ್ನದೊಂದು ದೂರು ಹೋದರೆ ಅವರನ್ನು ಮನೆಗೇ ಕಳಿಸುತ್ತಾರೆ.

ಕಾಲೇಜು ಗಾಲ್ಫ್‌ನಲ್ಲಿ ತಂಡಕ್ಕೆ ಐವರು ಆಡುತ್ತೇವೆ. ದಿನದ ಕೊನೆಗೆ ಎಲ್ಲರಿಗಿಂತ ಕೆಟ್ಟದಾಗಿ ಆಡಿದವಳ ಲೆಕ್ಕ ಬಿಟ್ಟು, ಉಳಿದ ನಾಲ್ವರ ಹೊಡೆತ ಕೂಡಿಸುತ್ತಾರೆ. ಈ ಸಲ ಕಾನ್ಸಾಸ್ ಪಂದ್ಯದ ತಂಡದಲ್ಲಿ ಐದನೆಯ ಜಾಗಕ್ಕೆ ನಾನೂ ನನ್ನ ರೂಮಿನ ಮಾರ್ಲಾಳೂ ಸಮವಾಗಿದ್ದೆವು. ಕೋಚ್ ಇಬ್ಬರನ್ನೂ ಇನ್ನೊಂದು ಹೋಲ್ ಆಡಿಸಿದರು. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದವಳಿಗೆ ಜಾಗ. ಅವಳದು ಐದು ಹೊಡೆತ, ನನ್ನದು ಆರು. ಅವಳು ತಂಡಕ್ಕೆ ಸೇರಿದಳು. ನಾನು ಬಿಡಿ ಆಟಗಾರ್ತಿಯಾಗಿ ಅದೇ ವ್ಯಾನಿನ ಹಿಂದಿನ ಸೀಟಿನಲ್ಲಿ ಹೋದೆ. ಬಿಡಿಯಾಗಿ ಆಡಿದವಳ ಆಟ ತಂಡದ ಲೆಕ್ಕಕ್ಕೆ ಬರುವುದಿಲ್ಲ.

ಕಾನ್ಸಾಸ್ ಗಾಳಿ ನಿನಗೆ ಗೊತ್ತೇ ಇದೆ. ಕೊನೆಯ ದಿನ ನಮ್ಮ ನಂಬುಗೆಯ ಜೋನಿಯೇ ಎರಡು ಚೆಂಡು ನೀರಿಗೆ ಹಾಕಿದಳು. ಅವಳ ಲೆಕ್ಕ ಬಿಟ್ಟುಹೋಯಿತು, ಮಾರ್ಲಾಳದ್ದು ಸೇರಿತು. ಕೊನೆಯ ಹೋಲ್‌ನಲ್ಲಿ ಮಾರ್ಲಾಳ ಚೆಂಡು ಕುಳಿಯ ಅಂಚಿಗೆ ಬಂದು ನಿಂತುಬಿಟ್ಟಿತು. ಒಂದೇ ಹೊಡೆತದಿಂದ ಸೋತೆವು. ಅದೇ ದಿನ ನಾನು ಅವಳಿಗಿಂತ ಎಷ್ಟೋ ಚೆನ್ನಾಗಿ ಆಡಿದ್ದೆ. ಬೋರ್ಡಿನಲ್ಲಿ ನನ್ನ ಹೆಸರು ಕೆಳಗೆ ಬೇರೆ ಸಾಲಿನಲ್ಲಿತ್ತು. ನೋಡಿ ಸಂತೋಷವಾಗಲಿಲ್ಲ, ಸಂಕಟವಾಯಿತು.

ವಾಪಸು ಬರುವಾಗ ವ್ಯಾನಿನಲ್ಲಿ ಮಾರ್ಲಾ ಚಿಪ್ಸ್ ಪೊಟ್ಟಣವನ್ನು ತಬ್ಬಿ ಕೂತಿದ್ದಳು. ಆಮೇಲೆ ಜೋನಿ, “ಏ ಮಾರ್ಲಾ, ಅಳೋದಾದ್ರೆ ಆ ಚಿಪ್ಸ್ ಇತ್ಲಾಗೆ ಕೊಟ್ಟು ಅಳೇ, ಒದ್ದೆಯಾಗುತ್ತೆ” ಅಂದಳು. ಮಾರ್ಲಾ ನಕ್ಕಳು. ಚಿಪ್ಸ್ ಮಾತ್ರ ಕೊಡಲಿಲ್ಲ.

“ನನ್ನ ಮಗಳು ಆ ಹೋಲ್‌ಗೆ ಆರು ಹೊಡೆಯೋಳೇ ಅಲ್ಲ, ಏನೋ ಮೋಸ ನಡೆದಿದೆ” ಅಂದೆ ನೀನು. ಮೋಸವೇನೂ ಇಲ್ಲ. ಕೋಚ್ ಮಾಡಿದ್ದು ಸರಿಯಾಗಿಯೇ ಇದೆ. ಹೆಚ್ಚು ಕೆದಕಬೇಡ.

ಸಿಟ್ಟು ಇಳಿದ ಮೇಲೆ ಫೋನ್ ಮಾಡು.

ನಿನ್ನ,
ಗ್ರೇಟಾ

ವಿ.ಸೂ.: ಕೆದಕದೆ ಬಿಡುವವನಲ್ಲ ನೀನು, ಹೇಳಿಬಿಡುತ್ತೇನೆ. ನಾನು ನಾಲ್ಕಕ್ಕೇ ಮುಗಿಸಿದ್ದೆ. ಆದರೆ ನನ್ನ ಚೆಂಡನ್ನು ಎತ್ತಿಕೊಂಡು ಅದರ ಜಾಗದಲ್ಲಿ ಗುರುತಿಗೆ ಇಟ್ಟಿದ್ದ ನಾಣ್ಯ ಮಾರ್ಲಾಳ ಚೆಂಡಿನ ದಾರಿಗೆ ಅಡ್ಡವಿತ್ತೆಂದು ಪಕ್ಕಕ್ಕೆ ಸರಿಸಿದ್ದೆ. ಅದನ್ನು ಮೊದಲಿದ್ದಲ್ಲಿಗೆ ತರುವುದು ಮರೆತು ಅಲ್ಲಿಂದಲೇ ಹೊಡೆದೆ. ಅದಕ್ಕೆ ಎರಡು ಹೊಡೆತ ದಂಡ. ಯಾರೂ ಗಮನಿಸಿರಲಿಲ್ಲ, ನಾನೇ ಹೇಳಿದೆ. ಸರಿಸಿದ ನಾಣ್ಯವನ್ನು ಮಗುಚಿ ಇಟ್ಟರೆ ಮರೆಯುವುದಿಲ್ಲ ಎಂದು ಕಲಿಸಿದವನು ನೀನು. ಮಗುಚಿಯೇ ಇಟ್ಟಿದ್ದೆ ಅಪ್ಪ. ನೀನು ಕೊಟ್ಟ ಆ ಹಳೇ ನಾಣ್ಯದ ಎರಡೂ ಮುಖ ಸವೆದು ಒಂದೇ ಥರ ಆಗಿವೆ. ದೂರು ಕಳಿಸಲೇಬೇಕೆಂದರೆ ಕೋಚ್ ಹೆಸರು ಹೊಡೆದುಹಾಕಿ ನಿನ್ನ ಹೆಸರು ಬರೆ.