ಬಾನೆಟ್ ಮೇಲಿನ ಗಂಟು

ಜನವರಿ 10, 2004. ಶನಿವಾರ

ಇವತ್ತೂ ಅನ್ನ ತಳ ಹಿಡಿಯಿತು. ಮೇಲಿನ ಬಿಳಿ ಅನ್ನ ನನಗೆ ಬಡಿಸಿ, ತಳದ ಸೀದದ್ದನ್ನು ಅಪ್ಪ ತಾನು ಹಾಕಿಕೊಂಡ. "ಇದೇ ರುಚಿ ಮಗಾ" ಅಂತ ಸುಳ್ಳು ಬೇರೆ. ನಾನು ಅಡುಗೆಗೆ ಎದ್ದರೆ ಬಿಡುವುದಿಲ್ಲ. ಸ್ಟೂಲ್ ಮೇಲೆ ಕೂರಿಸಿ, ಗೇರ್ ಹಾಕಿದ ಹಾಗೆ ಸೌಟು ತಿರುಗಿಸುತ್ತಾನೆ.

ತವರಿಗೆ ಬಂದು ಇನ್ನೂ ವಾರ ಆಗಿಲ್ಲ. ಹಿರೇಕೊಡಿಗೆಯಿಂದ ಹೊರಡುವಾಗ ಅತ್ತೆ ಬಾಗಿಲಲ್ಲೇ ನಿಂತು ಹೇಳಿದ್ದು ಕಿವಿಯಲ್ಲಿದೆ. "ಚೊಚ್ಚಲು ತವರಲ್ಲೇ ಆಗ್ಬೇಕು, ನಿಜ. ಆದ್ರೆ ಹೆಂಗಸಿಲ್ಲದ ಮನೇಲಿ ಎಂಥ ಬಾಣಂತನ ಮಾರಾಯ್ತಿ? ನಿನ್ನಪ್ಪ ಬಸ್ ಓಡಿಸ್ತಾರಾ, ಮಗೂಗೆ ನೀರು ಹಾಕ್ತಾರಾ? ತಿಂಗಳ ಕೊನೇಲಿ ಬಂದು ನೋಡ್ತೀನಿ. ಸರಿ ಕಾಣ್ಲಿಲ್ಲ ಅಂದ್ರೆ ನನ್ ಜೊತೆ ಹೊರಡೋದು, ಅಷ್ಟೇ."

ಧರ್ಮೇಶ್ ಅವರಮ್ಮನ ಕಡೆಗೂ ತಲೆ ಆಡಿಸಿದರು, ನನ್ನ ಕಡೆಗೂ ಆಡಿಸಿದರು. ನನ್ನ ಗಂಡ ಅಂದರೆ ಟೇಬಲ್ ಫ್ಯಾನ್.

ಅಮ್ಮ ಹೋಗಿ ಎರಡು ವರ್ಷ. ಹಠ ಮಾಡಿ ಬಂದಿದ್ದೇನೆ. ಇಲ್ಲಿ ಹೆರಿಗೆ ಆಗದಿದ್ದರೆ ಈ ಮನೆ ಬರೀ ಅಪ್ಪ ಮಲಗಿ ಏಳುವ ಜಾಗ ಆಗಿಬಿಡುತ್ತದೆ. ತವರು ಅಂತ ಒಂದು ಉಳಿಯುವುದಿಲ್ಲ. ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಡಾಕ್ಟರಮ್ಮ ಕೊಟ್ಟ ಡೇಟ್ ಫೆಬ್ರವರಿ ಮೊದಲ ವಾರ.

ಜನವರಿ 12. ಸಂಜೆ

ಜಗುಲಿಯಲ್ಲಿ ಕೂತಿದ್ದೆ. ತಿರುವಿನಲ್ಲಿ ಅಪ್ಪನ ಬಸ್ಸಿನ ಸದ್ದು. ಹಾರ್ನ್ ಆಗಲಿಲ್ಲ.

ಮೊದಲೆಲ್ಲ ಆಗುತ್ತಿತ್ತು. ಬೆಳಿಗ್ಗೆ ಎನ್.ಆರ್.ಪುರ ಬಿಟ್ಟು ಕೊಪ್ಪ, ಶೃಂಗೇರಿ ಅಂತ ಸುತ್ತಿ ಸಂಜೆ ವಾಪಸ್ ಬಂದಾಗ, ನಮ್ಮ ಮನೆ ತಿರುವಿನಲ್ಲಿ ಎರಡು ಸಲ. ಒಂದು ಉದ್ದ, ಒಂದು ಗಿಡ್ಡ. ಪೇಟೆಯವರಿಗೆ ಅದು ಬಸ್ಸು ಬಂತು ಅಂತ. ನಮಗೆ ಅಪ್ಪ ಬಂದ ಅಂತ. ಅಮ್ಮ ಕೈಯಲ್ಲಿ ಏನಿದ್ದರೂ ಬಿಟ್ಟು ಕಾಫಿಗೆ ನೀರು ಇಡುತ್ತಿದ್ದಳು. ಅಪ್ಪ ಬಸ್ಸನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಮನೆಗೆ ನಡೆದು ಬಂದು ಕೈಕಾಲು ತೊಳೆಯುವುದಕ್ಕೂ, ಕಾಫಿ ಲೋಟಕ್ಕೆ ಬೀಳುವುದಕ್ಕೂ ಸರಿ ಹೋಗುತ್ತಿತ್ತು.

ಅಮ್ಮ ಹೋದಮೇಲೆ ನಿಂತಿತು. ಒಂದು ಸಲ ಕೇಳಿದ್ದೆ. "ಯಾರಿಗೆ ಅಂತ ಹೊಡೀಲಿ ಮಗಾ?" ಅಂದಿದ್ದ.

ಈಗ ನಾನಿದ್ದೇನಲ್ಲ... ಬೇಜಾರಾಯಿತು. ಆದರೆ ಕೇಳಿ ಹೊಡೆಸಿಕೊಳ್ಳುವ ಹಾರ್ನ್ ನನಗೂ ಬೇಡ.

ಜನವರಿ 15. ಸಂಕ್ರಾಂತಿ

ಪಕ್ಕದ ಮನೆ ವೀರಬಸಮ್ಮ ಎಳ್ಳು ಬೀರಿ ಹೋದರು. ಕಬ್ಬು ಕಚ್ಚುತ್ತಾ ಶೃಂಗೇರಿ ನೆನಪಾಯಿತು.

ವರ್ಷಕ್ಕೊಮ್ಮೆ ಅಪ್ಪನ ಬಸ್ಸಲ್ಲೇ ಅಮ್ಮ, ನಾನು ಹೋಗುತ್ತಿದ್ದೆವು. ನನಗೆ ಇಂಜಿನ್ ಬಾನೆಟ್ ಮೇಲೆ ಗೋಣಿ ಹಾಸಿ ಸೀಟು. ಕುಂಡೆ ಬಿಸಿಯಾಗಿ ಅತ್ತಿತ್ತ ಸರಿಯುತ್ತಿದ್ದೆ. ಅಮ್ಮ ಹಿಂದಿನ ಲೇಡೀಸ್ ಸೀಟಿನಲ್ಲಿ. ಟಿಕೆಟ್ ತಗೊಂಡೇ ಕೂರುವಳು. ಇಡೀ ದಾರಿ ಅಪ್ಪನ ಹತ್ತಿರ ಒಂದು ಮಾತಿಲ್ಲ. "ಡ್ಯೂಟಿಲಿ ಇರೋರನ್ನ ಮಾತಾಡಿಸ್ಬಾರ್ದು ಕಣೆ." ಅಪ್ಪನೂ ಯಾರೋ ಪ್ಯಾಸೆಂಜರ್ ಅನ್ನುವ ಹಾಗೆ ಇರುತ್ತಿದ್ದ. ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬಂದು ಹತ್ತಿದರೆ, ಅಮ್ಮನ ಸೀಟಿನ ಮೇಲೆ ಮೊಳ ಮಲ್ಲಿಗೆ ಇರುತ್ತಿತ್ತು. ಇಟ್ಟದ್ದು ಯಾರು ಅಂತ ಇಬ್ಬರೂ ಹೇಳರು.

ಎಷ್ಟು ಚೆನ್ನಾಗಿತ್ತು. ಹೊಟ್ಟೆಯೊಳಗಿರುವವರು ಈಗ ಒದ್ದರು. ಮಂಡಕ್ಕಿ ಬೇಕೇನೋ.

ಜನವರಿ 19. ಸೋಮವಾರ

ಕಾಲು ಊದಿದೆ. ಚಪ್ಪಲಿಯೊಳಗೆ ಹೋಗುವುದಿಲ್ಲ.

ಅಪ್ಪ ಸಂಜೆ ಒಂದು ಪೊಟ್ಟಣ ತಂದ. ಒಣಶುಂಠಿ, ಓಮ. ಎಲ್ಲಿಂದ ಅಂದರೆ ಹೇಳಲಿಲ್ಲ. ಹಿಂದೆಯೇ ಬಂದಿದ್ದ ಕಂಡಕ್ಟರ್ ದೇವಪ್ಪ ಗುಟ್ಟು ಬಿಟ್ಟರು.

"ಏನ್ ಹೇಳ್ಲಿ ರೇಖಮ್ಮ. ನಾನು ಟಿಕೆಟ್ ಹರಿಯೋದು, ಇವ್ರು ಹಿಂದೆ ತಿರುಗಿ 'ಅಮ್ಮಾ, ಬಾಣಂತಿಗೆ ಬದನೆಕಾಯಿ ಆಗುತ್ತಾ?' ಅಂತ ಕೇಳೋದು. ಸ್ಟಾಪ್ ಸ್ಟಾಪಿಗೂ ಇದೇ. ರಸ್ತೆ ನೋಡೋರು ಯಾರು ಮಾರಾಯ್ರೆ?"

ಹೆಂಡತಿಯನ್ನೇ ಬಸ್ಸಲ್ಲಿ ಮಾತಾಡಿಸದ ಮನುಷ್ಯ! ನಕ್ಕು ನಕ್ಕು ಪಕ್ಕೆ ಹಿಡಿಯಿತು. ಆಮೇಲೆ ಒಳಗೆ ಹೋಗಿ ಅತ್ತುಬಿಟ್ಟೆ.

ಜನವರಿ 22

ಫೋನ್ ಡೆಡ್. ರಸ್ತೆ ಅಗೆದವರು ಕೇಬಲ್ ಕತ್ತರಿಸಿದ್ದಾರೆ. ಧರ್ಮೇಶ್ ಅಲ್ಲಿ ಕಾಯುತ್ತಿರಬಹುದು.

ಬಸ್ಸಲ್ಲಿ ಸಿಕ್ಕಿದ್ದೆಲ್ಲ ಕಟ್ಟಿ ತರುವ ಅಪ್ಪನ ಗಂಟು ದಿನಾ ದಪ್ಪ ಆಗುತ್ತಿದೆ. ಕೆರೆಕಟ್ಟೆಯವರು ಯಾರೋ ಶೃಂಗೇರಿ ಸ್ಟ್ಯಾಂಡಿಗೆ ಬಂದು ಜೇನು ಕೊಟ್ಟರಂತೆ. ಕಿಗ್ಗದ ಒಬ್ಬ ಅಜ್ಜಿ, ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆ, ಮಗು ಸುತ್ತಲಿಕ್ಕೆ. ಕೊಪ್ಪದಲ್ಲಿ ತುಪ್ಪ, ಬಜೆ ಬೇರು. ಎಲ್ಲ ಬಾನೆಟ್ ಮೇಲೆ ಪ್ರಯಾಣ. ತುಪ್ಪ ಕರಗಿ ಗೇರ್ ಬುಡಕ್ಕೆ ಇಳಿದು, ಅಪ್ಪನ ಖಾಕಿ ಪ್ಯಾಂಟೆಲ್ಲ ಹೋಳಿಗೆ ವಾಸನೆ.

ಗಂಟು ಬಿಚ್ಚುವಾಗ ವೀರಬಸಮ್ಮ ಬಂದರು. ನೋಡಿದವರೇ ಬಾಯಿ ಮೇಲೆ ಕೈ ಇಟ್ಟರು. "ಅಯ್ಯೋ ಶೇಷಪ್ಪಣ್ಣ, ಮಗು ಹುಟ್ಟೋಕ್ ಮುಂಚೆ ಬಜೆ, ಬಟ್ಟೆ ಮನೆಗೆ ತರ್ತಾರಾ? ಹುಟ್ಟಿದ ಮೇಲಲ್ವಾ ತರೋದು!"

ಅಪ್ಪನ ಮುಖ ನೋಡಲಾಗಲಿಲ್ಲ. ಬಾಣಂತಿಗೆ ಏನು ಬೇಕು ಅಂತ ಎಲ್ಲರನ್ನೂ ಕೇಳಿದ್ದ. ಯಾವಾಗ ತರಬೇಕು ಅಂತ ಕೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅಮ್ಮ ಇದ್ದಿದ್ದರೆ ಅಂತ ಇಬ್ಬರೂ ಅಂದುಕೊಂಡೆವು, ಇಬ್ಬರೂ ಅನ್ನಲಿಲ್ಲ.

ಜನವರಿ 24. ಶನಿವಾರ

ಇವತ್ತು ಆಗಿದ್ದನ್ನು ಬರೆಯಲೇಬೇಕು.

ಮಧ್ಯಾಹ್ನ ಬಾಗಿಲಿಗೆ ಜೀಪು. ಅತ್ತೆ ಬುಟ್ಟಿ ಹಿಡಿದು, ಅಳುತ್ತಲೇ ಇಳಿದರು. "ಹುಟ್ಟಿ ಎರಡು ದಿನ ಆಯ್ತಂತೆ! ಒಂದ್ ಮಾತು ಹೇಳಿ ಕಳ್ಸೋಕೆ ಆಗ್ಲಿಲ್ವಾ? ನಾನೇನು ಅಷ್ಟು ಬೇಡದವಳಾ?"

ನಾನು ಹೊಟ್ಟೆ ಹೊತ್ತುಕೊಂಡು ಎದ್ದು ನಿಂತೆ. ಅತ್ತೆ ನೋಡಿದರು. ಕೂತರು.

ಆಗಿದ್ದು ಇಷ್ಟು. ಕೊಪ್ಪ ಸ್ಟ್ಯಾಂಡಿನಲ್ಲಿ ಹಿರೇಕೊಡಿಗೆಯವರು ಅಪ್ಪನ ಬಾನೆಟ್ ನೋಡಿದ್ದಾರೆ. ಬಜೆ, ಹಳೇ ಸೀರೆ, ತುಪ್ಪ. ಇನ್ನೇನು ಕೇಳುವುದು? ಶೇಷಪ್ಪನ ಮಗಳು ಹೆತ್ತಳು! ಸುದ್ದಿ ಊರು ಮುಟ್ಟುವಷ್ಟರಲ್ಲಿ ಹೆಣ್ಣುಮಗು ಆಗಿದೆ, ಅದಕ್ಕೆ ಧರ್ಮೇಶ್ ಮೂಗೂ ಬಂದಿದೆ. ಅವರು ಜೀಪಿನ ಪಕ್ಕ ನಿಂತು ಹಲ್ಲು ಕಿರಿಯುತ್ತಿದ್ದರು. ಆಫೀಸಿನಲ್ಲಿ ಪೇಡಾ ಹಂಚಿ ಆಗಿದೆಯಂತೆ.

ನಗು ಮುಗಿದ ಮೇಲೆ ಭಯ ಹಿಡಿಯಿತು. ಅತ್ತೆ ಮನೆಯೊಳಗೆಲ್ಲ ಓಡಾಡಿ ನೋಡಿದರು. ಸುಣ್ಣ ಬಳಿದ ಬಚ್ಚಲು. ಗಾಳಿ ಬರದ ಹಾಗೆ ಕಿಟಕಿ ಸಂದಿಗೆ ಬಸ್ ಸೀಟಿನ ಹಳೇ ರೆಕ್ಸಿನ್ ತುಂಡು. ಹಂಡೆಯ ಒಲೆಗೆ ಒಡೆದಿಟ್ಟ ಸೌದೆ. ವಾರದ ರಜೆಯಲ್ಲಿ ಮನೆಯಲ್ಲೇ ಇದ್ದ ಅಪ್ಪ ಮೂಲೆಯಲ್ಲಿ ನಿಂತಿದ್ದ, ಲೈಸೆನ್ಸ್ ಚೆಕ್ಕಿಂಗಿಗೆ ನಿಂತ ಹಾಗೆ.

"ಇದೆಲ್ಲ ಯಾರು ಹೇಳಿದ್ದು ಬೀಗರೇ?"

"ಬಸ್ಸಲ್ಲಿ ಬರೋ ತಾಯಂದಿರು" ಅಂದ. ತಲೆ ತಗ್ಗಿಸಿ, "ಸಾಮಾನು ಮುಂಚೆ ತರಬಾರದು ಅಂತ ಗೊತ್ತಿರ್ಲಿಲ್ಲ ಅಕ್ಕಾ. ತಪ್ಪಾಯ್ತು."

ಈಗ ಬಟ್ಟೆ ಕಟ್ಟು ಅನ್ನುತ್ತಾರೆ ಅಂತ ಮಂಚದ ಕಾಲು ಹಿಡಿದು ಕೂತಿದ್ದೆ. ಅತ್ತೆ ಗಂಟನ್ನು ತಾವೇ ಬಿಗಿದು ಕಟ್ಟಿದರು. ಅಪ್ಪನ ಕೈಗೆ ಕೊಟ್ಟರು.

"ಇದು ಮನೆಗೆ ಬಂದೇ ಇಲ್ಲ. ತಿಳೀತಾ? ನಿಮ್ಮ ಬಸ್ಸಲ್ಲೇ ಇರ್ಲಿ. ಮಗು ಬಂದ ದಿನ ಇದೂ ಬರ್ಲಿ."

ಆಮೇಲೆ ಮಗನಿಗೆ, "ಜೀಪು ತಗೊಂಡು ಹೋಗು. ಹಾಲು ಡೈರಿಗೆ ಹಾಕೋದು ಮರೀಬೇಡ."

"ನೀನು?"

"ಹೆಂಗಸಿಲ್ಲದ ಮನೆ ಅಂದಿದ್ದು ನಾನೇ ತಾನೆ? ಈಗ ಒಬ್ಬಳಿದ್ದಾಳೆ."

ಅತ್ತುಬಿಟ್ಟೆ. ಅವರ ಸೆರಗಲ್ಲೇ. ತವರಿಗೆ ಅತ್ತೆಯೇ ಬಂದು ಬಾಣಂತನ ಮಾಡಿದ್ದು ನಮ್ಮ ಕಡೆ ಯಾರೂ ಕೇಳಿರಲಾರರು.

ಜನವರಿ 30

ಬರೆಯಲು ಬಿಡುವಿಲ್ಲ. ಅತ್ತೆ ನಡೆಸುತ್ತಾರೆ, ಕೂರಿಸುತ್ತಾರೆ, ಕುಡಿಸುತ್ತಾರೆ. ಅನ್ನ ತಳ ಹಿಡಿಯುವುದು ನಿಂತಿದೆ. ಅಪ್ಪ ಅಡುಗೆಮನೆ ಹೊಸ್ತಿಲು ದಾಟುವುದಿಲ್ಲ. ನಾಚಿಕೆ.

ಗಂಟು ದಿನಾ ಶೃಂಗೇರಿಗೆ ಹೋಗಿ ಬರುತ್ತಿದೆ. ಈಗ ಬಾನೆಟ್ ಮೇಲಲ್ಲ, ಡ್ರೈವರ್ ಸೀಟಿನ ಹಿಂದೆ ನೇತುಹಾಕಿದೆ. ಅದಕ್ಕೊಂದು ಪಾಸ್ ಮಾಡಿಸಬೇಕು ಅಂತ ದೇವಪ್ಪ ರೇಗಿಸುತ್ತಾರೆ.

ಸಂಜೆ ಅತ್ತೆ ಕೇಳಿದರು. "ನಿನ್ನಪ್ಪ ಬರೋದು ಗೊತ್ತಾಗೋದು ಹ್ಯಾಗೆ ಮಾರಾಯ್ತಿ? ದಿನಾ ಕಾಫಿ ಆರಿ ತಣ್ಣಗಾಗ್ತದೆ."

ಹಾರ್ನಿನ ಕಥೆ ಹೇಳಿದೆ. ಇಬ್ಬರೂ ಜಗುಲಿಯಲ್ಲಿ ಕೂತೆವು. ಬಸ್ಸು ಬಂತು, ಸುಮ್ಮನೆ ಹೋಯಿತು. ಅತ್ತೆ ಎದ್ದು ಕಾಫಿ ಮತ್ತೆ ಬಿಸಿ ಮಾಡಿದರು.

ಫೆಬ್ರವರಿ 2. ಬೆಳಿಗ್ಗೆ

ನೋವು ಶುರು. ಕೋಳಿ ಕೂಗುವಾಗಲೇ ಇತ್ತು, ಸುಳ್ಳು ನೋವು ಅಂದುಕೊಂಡಿದ್ದೆ. ಅಲ್ಲ. ಅತ್ತೆ ಬ್ಯಾಗ್ ತುಂಬುತ್ತಿದ್ದಾರೆ.

ಅಪ್ಪ ಆಗಲೇ ಸ್ಟ್ಯಾಂಡಿಗೆ ಹೋಗಿದ್ದಾನೆ, ಮೊದಲ ಟ್ರಿಪ್ಪಿಗೆ. ಆಟೋ ತರಲು ವೀರಬಸಮ್ಮನ ಯಜಮಾನರು ಓಡಿದರು.

ಬಂತು ಇನ್ನೊಂದು ನೋವು... ಹೋಯಿತು. ಜಗುಲಿಯ ಕಂಬ ಹಿಡಿದು ಕೂತಿದ್ದೇನೆ. ಕೈ ಸುಮ್ಮನಿದ್ದರೆ ಹೆದರಿಕೆ, ಅದಕ್ಕೇ ಇದು. "ಬರೆಯೋಕೆ ಇದೇ ಹೊತ್ತಾ ಮಾರಾಯ್ತಿ!" ಅಂತ ಅತ್ತೆ ಬೈಯುತ್ತಿದ್ದಾರೆ.

ಈ ಹೊತ್ತಿಗೆ ಆಟೋ ಒಂದೂ ಇಲ್ಲವಂತೆ. ವೀರಬಸಮ್ಮನ ಯಜಮಾನರು ಸ್ಟ್ಯಾಂಡಿನಲ್ಲಿ ಅಪ್ಪನಿಗೆ ಹೇಳಿ ಬಂದಿದ್ದಾರೆ.

ಇಂಜಿನ್ ಸದ್ದು. ಕೊಪ್ಪಕ್ಕೆ ನೇರ ಹೋಗಬೇಕಾದ ಬಸ್ಸು ಮನೆ ಕಡೆಗೆ ಬರುತ್ತಿದೆ. ಕಾಣುತ್ತಿದೆ. ತುಂಬ ಜನ, ಕಿಟಕಿಯಲ್ಲೆಲ್ಲ ತಲೆ. ಫುಟ್‌ಬೋರ್ಡ್ ಮೇಲೆ ದೇವಪ್ಪ, ಎದೆಗೆ ಅವುಚಿಕೊಂಡ ಗಂಟು.

ತಿರುವು.

ಒಂದು ಉದ್ದ. ಒಂದು ಗಿಡ್ಡ.

ಅತ್ತೆ ಬ್ಯಾಗ್ ಅಲ್ಲೇ ಬಿಟ್ಟು ಒಲೆ ಕಡೆಗೆ ಎರಡು ಹೆಜ್ಜೆ ಹಾಕಿ, ನಿಂತು, ನನ್ನ ಮುಖ ನೋಡಿದರು.

ಕೇಳಿಸಿತಾ ಅಮ್ಮಾ? ಅಪ್ಪ ಬಂದ. ನಾನು ಇನ್ನು ಹೊರಟೆ.