ಮೂರನೇ ತರಗತಿಯ ಪುಸ್ತಕದಲ್ಲಿರುವ ಮಲತಾಯಿಯ ಬಗ್ಗೆ

ಪಠ್ಯಪುಸ್ತಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಮೂರನೇ ತರಗತಿಯ ಪುಸ್ತಕ ಮನೆಗೆ ಬಂದಾಗಿನಿಂದ ನನ್ನ ಮಗಳು ನಾನು ಕೊಟ್ಟ ಹಾಲು ಕುಡಿಯುತ್ತಿಲ್ಲ. ಇದನ್ನು ಹೇಳಲು ನಿಮ್ಮ ಕಚೇರಿಗೆ ಬಂದರೆ ಗುಮಾಸ್ತರು ನಕ್ಕು, "ಮಗು ಹಾಲು ಕುಡೀದಿದ್ರೆ ಡಾಕ್ಟ್ರ ಹತ್ರ ಹೋಗಮ್ಮ, ಇಲ್ಲಿಗ್ಯಾಕೆ ಬಂದೆ?" ಎಂದರು. ಅದಕ್ಕೇ ಊರಿಗೆಲ್ಲ ಕೇಳಿಸುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಶಾಲಾ ಸಮವಸ್ತ್ರ ಹೊಲಿಯುವ ದರ್ಜಿ. ಅವಳನ್ನು ಹೆತ್ತವಳಲ್ಲ. ಹೆತ್ತ ತಾಯಿ ತೀರಿಕೊಂಡಾಗ ಅವಳಿಗಿನ್ನೂ ಮಾತು ಬಂದಿರಲಿಲ್ಲ; "ಅಮ್ಮ" ಎಂದು ಮೊದಲು ಕರೆದದ್ದು ನನ್ನನ್ನೇ. ಹೆತ್ತವಳ ಫೋಟೋ ಗೋಡೆಯ ಮೇಲಿದೆ, ವಿಷಯವೆಲ್ಲ ಅವಳಿಗೆ ಗೊತ್ತು. ಇಷ್ಟು ವರ್ಷ ನಮ್ಮಿಬ್ಬರಿಗೆ ಜಗಳವೆಂದರೆ ತಲೆ ಬಾಚುವಾಗ ಮಾತ್ರ. ಈಗ ನಿಮ್ಮ ಪುಸ್ತಕದ ಜಾನಪದ ಕಥೆಯಲ್ಲಿ ಮಲತಾಯಿ ಹಾಲಿಗೆ ವಿಷ ಬೆರೆಸುತ್ತಾಳೆ. ಪಾಠದ ಕೊನೆಗೆ ಪ್ರಶ್ನೆ: "ಮಲತಾಯಿಯ ದುರ್ಗುಣಗಳನ್ನು ಬರೆಯಿರಿ." ಮಗಳು ಯೋಚಿಸಿ ಯೋಚಿಸಿ ಬರೆದಳು, "ತಲೆ ಬಾಚುವಾಗ ಜೋರಾಗಿ ಎಳೆಯುತ್ತಾಳೆ." ಟೀಚರ್ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದರು! ಅಂದು ಸಂಜೆ ಲೋಟ ಮುಂದಿಟ್ಟರೆ, "ಮೊದ್ಲು ನೀನು ಕುಡಿ" ಎಂದಳು. ಕುಡಿದೆ. ನನ್ನ ಮುಖವನ್ನೇ ನೋಡುತ್ತ ಕೂತಳೇ ಹೊರತು ಲೋಟ ಮುಟ್ಟಲಿಲ್ಲ. ಅಡುಗೆಮನೆಗೆ ಹೋಗಿ ಗಳಗಳನೆ ಅತ್ತುಬಿಟ್ಟೆ.

ಮರುದಿನ ಯಜಮಾನರಿಗೆ ಹಾಲು ಕಾಯಿಸಲು ಹೇಳಿದೆ. "ಕಥೆ ತಾನೇ, ತಲೆ ಕೆಡಿಸ್ಕೋಬೇಡ ಕಣೇ" ಎನ್ನುತ್ತಲೇ ಅವರು ಸಕ್ಕರೆಯ ಬದಲು ಉಪ್ಪು ಸುರಿದರು. ಮಗಳು ಮುಖ ಸಿಂಡರಿಸಿಕೊಂಡು, ಚಕಾರವೆತ್ತದೆ ಅಷ್ಟನ್ನೂ ಕುಡಿದಳು. ಅಪ್ಪ ಕೊಟ್ಟದ್ದಲ್ಲವೇ! ನಿಮ್ಮ ಕಥೆಯ ಅಪ್ಪನನ್ನೂ ನೋಡಿ. ಹೆಂಡತಿ ಮಗಳನ್ನು ಕೊಟ್ಟಿಗೆಯಲ್ಲಿ ಮಲಗಿಸಿದಾಗ ಅದೇ ಮನೆಯಲ್ಲಿದ್ದ, ಉಪವಾಸ ಕೆಡವಿದಾಗ ಅದೇ ಮನೆಯಲ್ಲಿ ಉಂಡ. ಕೊನೆಗೆ ಮಗಳನ್ನು ತಬ್ಬಿಕೊಂಡು ಎರಡು ಹನಿ ಕಣ್ಣೀರು ಹಾಕಿದ, ಒಳ್ಳೆಯವನಾದ. ಅವನ ದುರ್ಗುಣ ಕೇಳುವ ಪ್ರಶ್ನೆ ಎಲ್ಲಿ ಸ್ವಾಮಿ? ಅಚ್ಚಾಗುವಾಗ ಉದುರಿಹೋಯಿತೇ? ಇನ್ನು ಹೆಂಗಸರೋ, ಸತ್ತವಳು ದೇವತೆ, ಬದುಕಿರುವವಳು ರಾಕ್ಷಸಿ, ಎಲ್ಲವನ್ನೂ ಸಹಿಸಿಕೊಂಡು ಸುಮ್ಮನಿದ್ದವಳು ರಾಜಕುಮಾರನಿಗೆ ಬಹುಮಾನ. ಬಾಯಿಬಿಟ್ಟು ಮಾತಾಡಿಯೂ ಸುಖವಾಗಿದ್ದ ಒಬ್ಬಳಾದರೂ ನಿಮ್ಮ ಪುಸ್ತಕದಲ್ಲಿದ್ದರೆ ತೋರಿಸಿ.

"ಇದು ಪರಂಪರೆ, ತಿದ್ದೋ ಹಾಗಿಲ್ಲ" ಎಂದೂ ನಿಮ್ಮ ಗುಮಾಸ್ತರು ಅಪ್ಪಣೆ ಕೊಡಿಸಿದರು. ಹೌದೇ? ನನ್ನ ಅಜ್ಜಿ ಹೇಳುತ್ತಿದ್ದ ಇದೇ ಕಥೆಯಲ್ಲಿ ಕೊನೆಗೆ ಮಲತಾಯಿಯ ಮೂಗು ಕೊಯ್ಯುತ್ತಿದ್ದರು. ನೀವು ಬರೀ ಊರು ಬಿಡಿಸಿದ್ದೀರಿ. ಮೂಗು ಉಳಿಸಿದ್ದಕ್ಕೆ ಕೃತಜ್ಞತೆಗಳು. ಆದರೆ ಮೂಗಿನ ವಿಷಯದಲ್ಲಿ ತಿದ್ದಬಹುದಾದ ಪರಂಪರೆ ಹಾಲಿನ ವಿಷಯಕ್ಕೆ ಬಂದಾಗ ಮಾತ್ರ ಕಲ್ಲಾಗಿಬಿಟ್ಟಿತೇ? ನಾನಂತೂ ದಿನವೂ ಅಕ್ಕಂದಿರ ಹಳೆಯ ಅಂಗಿ ಬಿಚ್ಚಿ ತಂಗಿಯರ ಅಳತೆಗೆ ಹೊಲಿಯುವವಳು. ಅಂಗಿ ಕೆಟ್ಟಿತು ಎಂದು ಇದುವರೆಗೆ ಯಾರೂ ದೂರಿಲ್ಲ.

ಕಥೆಯನ್ನೇ ಕಿತ್ತುಹಾಕಿ ಎನ್ನುತ್ತಿಲ್ಲ. ಅಜ್ಜಿಯ ಕಥೆ ನನಗೂ ಬೇಕು. ಆ ಪ್ರಶ್ನೆಯನ್ನು ಈ ವರ್ಷವೇ ತೆಗೆಯಿರಿ. ಆ ಜಾಗದಲ್ಲಿ, "ಆಗ ಅಪ್ಪ ಏನು ಮಾಡುತ್ತಿದ್ದ?" ಎಂದು ಕೇಳಿ. ಮಕ್ಕಳು ಏನು ಬರೆಯುತ್ತಾರೋ ನೋಡೋಣ. ಆಗುವುದಿಲ್ಲವೆಂದರೆ ಹೊಲಿಗೆ ಯಂತ್ರ ತಂದು ನಿಮ್ಮ ಕಚೇರಿಯ ಬಾಗಿಲಲ್ಲೇ ಕೂರುತ್ತೇನೆ. ನನಗೆ ಕೆಲಸ ಎಲ್ಲಾದರೂ ಒಂದೇ. ಗದರಿಸಿ ಎಬ್ಬಿಸಬಹುದೆಂಬ ಭ್ರಮೆ ಬೇಡ.

ನಿನ್ನೆ ಶಾಲೆಯಿಂದ ಬರುವಾಗ ಮಗಳು ನನ್ನ ಕೈ ಹಿಡಿದುಕೊಂಡೇ ಕೇಳಿದಳು, "ಅಮ್ಮಾ, ನೀನು ಯಾವಾಗಿಂದ ಕೆಟ್ಟೋಳಾಗ್ತೀಯ?" ಸಿಟ್ಟಿನಿಂದಲ್ಲ, ನಾಳೆ ರಜೆಯೇ ಎಂದು ಕೇಳುವಷ್ಟು ಸಹಜವಾಗಿ. ಪುಸ್ತಕ ನಿಮ್ಮದು. ಒಮ್ಮೆ ನಮ್ಮ ಮನೆಗೆ ಬಂದು, ಅವಳೆದುರು ಕೂತು, ನೀವೇ ಉತ್ತರ ಹೇಳಿ.

ಇಂತಿ,
ಕೆಟ್ಟವಳಾಗಲು ಇನ್ನೂ ಬಿಡುವು ಸಿಗದ
ಒಬ್ಬ ಮಲತಾಯಿ